ಸೈನ್ಸ್ ಪಾರ್ಕ್: ಕರಾರು ಮೊದಲು, ಕಾಂಕ್ರೀಟು ಆಮೇಲೆ

ವಿಶ್ವವಿದ್ಯಾಲಯ ತನ್ನ ಜಾಗದಲ್ಲಿ ಸೈನ್ಸ್ ಪಾರ್ಕ್, ಅಂದರೆ ಕಂಪನಿಗಳು ಬಾಡಿಗೆಗೆ ಬಂದು ವಿಭಾಗಗಳ ಜತೆ ಸಂಶೋಧನೆ ಮಾಡುವ ತಾಣ, ಮಾಡುತ್ತದೆ ಎಂದಾಗ ನಾನು ಮೊದಲು ಕೇಳುವುದು ಲೀಸ್ ಕರಾರಿನ ಕರಡನ್ನು, ನಕ್ಷೆ ಆಮೇಲೆ. ಯಾವ ಕಂಪನಿಗೆ ಜಾಗ, ಬಂದವರು ವಿಭಾಗಗಳ ಜತೆ ಏನು ಕೆಲಸ ಮಾಡಬೇಕು, ಮಾಡದಿದ್ದರೆ ಏನಾಗುತ್ತದೆ ಎಂಬುದು ಅದರಲ್ಲಿ ಇಲ್ಲದಿದ್ದರೆ ಕೆಲವೇ ವರ್ಷಗಳಲ್ಲಿ ಅದು ಮಾಮೂಲಿ ಐಟಿ ಪಾರ್ಕ್ ಆಗುತ್ತದೆ.

ಜಮೀನು ಮಾರಲೇಬಾರದು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮೂಲ ದಾನಪತ್ರ ಜಮೀನಿನ ಮಾರಾಟಕ್ಕೆ ಅವಕಾಶ ಕೊಡಲಿಲ್ಲ. ಹಾಗಾಗಿ 1951ರಲ್ಲಿ ಅಲ್ಲಿ ಪಾರ್ಕ್ ಶುರುವಾದಾಗ ಮೊದಲು ಬಂದ ವೇರಿಯನ್ ಕಂಪನಿಗೂ ಸಿಕ್ಕಿದ್ದು ಲೀಸ್ ಮಾತ್ರ. ಯಾರು ಬರಬೇಕೆಂದು ತೀರ್ಮಾನಿಸುವ ಹಿಡಿತ ವಿಶ್ವವಿದ್ಯಾಲಯದ ಕೈಯಲ್ಲೇ ಉಳಿಯಿತು.

ಸಹಯೋಗದ ಷರತ್ತಿಗೆ ಮದರಾಸು ಐಐಟಿಯ ರಿಸರ್ಚ್ ಪಾರ್ಕ್ ನೋಡಿ. ಅದನ್ನು ನಡೆಸುವುದು ಲಾಭರಹಿತ ಪ್ರತ್ಯೇಕ ಕಂಪನಿ. ಬಾಡಿಗೆದಾರರು ಪ್ರಾಯೋಜಿತ ಸಂಶೋಧನೆ, ಕನ್ಸಲ್ಟೆನ್ಸಿ, ವಿದ್ಯಾರ್ಥಿಗಳ ಇಂಟರ್ನ್‌ಶಿಪ್ ಇತ್ಯಾದಿಗಳಿಂದ ಕ್ರೆಡಿಟ್ (ಸಹಯೋಗದ ಅಂಕ) ಗಳಿಸಬೇಕು. ಬರೀ ಎಂಒಯುಗೆ (ಪರಸ್ಪರ ಒಪ್ಪಂದದ ಪತ್ರಕ್ಕೆ) ಈ ಬಿಗಿ ಬರುವುದಿಲ್ಲ. ಫೋಟೋ ತೆಗೆದ ಮೇಲೆ ಅದನ್ನು ಯಾರೂ ತೆರೆದು ನೋಡುವುದಿಲ್ಲ. ಲೀಸ್‌ನಲ್ಲೇ ಬರೆದಿದ್ದರೆ ನವೀಕರಣದ ದಿನ ಲೆಕ್ಕ ಕೊಡಲೇಬೇಕು. ಹೊಸ ಸ್ಟಾರ್ಟಪ್‌ಗಳಿಗೆ ಲೀಸ್ ಬೇಡ, 11 ತಿಂಗಳ ಲೈಸೆನ್ಸ್, ಅಂದರೆ ಜಾಗ ಬಳಸಲು ಅನುಮತಿಯಷ್ಟೇ, ಸಾಕು. ಜಾಗದ ಮೇಲೆ ಹಕ್ಕು ಹುಟ್ಟುವುದಿಲ್ಲ, ಬೆಳೆದವರನ್ನು ದೊಡ್ಡ ಕೋಣೆಗೆ ಸಾಗಿಸುವುದು ಸುಲಭ.

ಈಗ ಕಟ್ಟಡ. ಆಫೀಸಿಗೆಂದು ಕಟ್ಟಿದ್ದನ್ನು ಲ್ಯಾಬ್ ಮಾಡಲು ಹೊರಟರೆ ಮೊದಲು ಸೋಲುವುದು ಗಾಳಿಯ ದಾರಿ. ಫ್ಯೂಮ್ ಹುಡ್ ಅಂದರೆ ರಾಸಾಯನಿಕದ ಹೊಗೆಯನ್ನು ಹೊರಗೆಳೆಯುವ, ಮುಂದೆ ಗಾಜಿರುವ ಪೆಟ್ಟಿಗೆ. ಒಂದೂವರೆ ಮೀಟರ್ ಅಗಲದ ಹುಡ್‌ನ ಗಾಜನ್ನು ಅರ್ಧ ಮೀಟರ್ ಎತ್ತಿದರೆ ಬಾಯಿ 0.75 ಚದರ ಮೀಟರ್. ಅಲ್ಲಿ ಗಾಳಿ ಸೆಕೆಂಡಿಗೆ 0.5 ಮೀಟರ್ ವೇಗದಲ್ಲಿ ಒಳಗೆ ಹೋಗಬೇಕು. ಅಂದರೆ ಎಸಿ ತಂಪು ಮಾಡಿದ ಗಾಳಿ ಗಂಟೆಗೆ 1,350 ಘನ ಮೀಟರ್ ಚಾವಣಿಯಿಂದ ಹೊರಗೆ ಹೋಗುತ್ತದೆ, ಅಷ್ಟೇ ಹೊಸ ಗಾಳಿ ಒಳಗೆ ಬರಬೇಕು. ಬರದಿದ್ದರೆ ಬಾಗಿಲು ಎಳೆದು ತೆರೆಯುವುದೇ ಕಷ್ಟ, ಹುಡ್‌ನ ಹೊಗೆ ಕೋಣೆಗೇ ವಾಪಸ್. ಆದ್ದರಿಂದ ಮೊದಲ ನಕ್ಷೆಯಲ್ಲೇ ಮಹಡಿಯಿಂದ ಮಹಡಿಗೆ 4.2ರಿಂದ 4.5 ಮೀಟರ್ ಎತ್ತರ, ಗಾಳಿಯ ಕೊಳವೆಗಳಿಗೆ ಚಾವಣಿವರೆಗೆ ಖಾಲಿ ಶಾಫ್ಟ್ (ನೇರ ಕಂಡಿ), ಚದರ ಮೀಟರಿಗೆ 5 ಕಿಲೋನ್ಯೂಟನ್ ಭಾರ ತಡೆಯುವ ಸ್ಲ್ಯಾಬ್ ಇಡಿಸುತ್ತೇವೆ. ಕಂಬಗಳ ಅಂತರ 6.6 ಮೀಟರ್ ಇದ್ದರೆ 3.3 ಮೀಟರ್‌ನ ಎರಡು ಲ್ಯಾಬ್ ಮಾಡ್ಯೂಲ್ ಸರಿಯಾಗಿ ಕೂರುತ್ತವೆ. ಶಾಫ್ಟ್ ಖಾಲಿ ಬಿಟ್ಟರೆ ಬಾಡಿಗೆ ನಷ್ಟ ಎಂದು ಹಣಕಾಸು ವಿಭಾಗ ಖಂಡಿತ ತಕರಾರು ಮಾಡುತ್ತದೆ. ಬಿಟ್ಟುಕೊಡಬೇಡಿ, ಆಮೇಲೆ ಸ್ಲ್ಯಾಬ್ ಕೊರೆಯುವ ಖರ್ಚು ಅದಕ್ಕಿಂತ ದೊಡ್ಡದು.

ಲ್ಯಾಬ್ ಸಿಂಕ್‌ನ ನೀರಿಗೆ ಬೇರೆ ಪೈಪ್, ಅದೂ ಪಾಲಿಪ್ರೊಪಿಲೀನ್. ಅಸಿಟೋನ್ ತಗಲಿದರೆ ಪಿವಿಸಿ ಮೆತ್ತಗಾಗಿ ಜಾಯಿಂಟ್ ಬಿಡುತ್ತದೆ. ಆ ನೀರು ಆಮ್ಲ, ಕ್ಷಾರಗಳನ್ನು ತಟಸ್ಥಗೊಳಿಸುವ ನ್ಯೂಟ್ರಲೈಸೇಷನ್ ತೊಟ್ಟಿ ದಾಟಿಯೇ ಮುಂದೆ ಹೋಗಬೇಕು. ಕರ್ನಾಟಕದಲ್ಲಾದರೆ ಮಾಲಿನ್ಯ ನಿಯಂತ್ರಣ ಮಂಡಳಿಯಿಂದ ಕಟ್ಟುವ ಮುಂಚೆ ಸ್ಥಾಪನೆಗೆ, ಶುರು ಮಾಡುವ ಮುಂಚೆ ಕಾರ್ಯಾಚರಣೆಗೆ ಸಮ್ಮತಿ ಪಡೆಯಬೇಕು.

ಬಾಡಿಗೆ ಹಣವನ್ನು ವಿಶ್ವವಿದ್ಯಾಲಯದ ಸಾಮಾನ್ಯ ಖಾತೆಗೆ ಪೂರ್ತಿ ಬಿಡಬೇಡಿ. ಚಿಲ್ಲರ್ (ಎಸಿಗೆ ನೀರು ತಂಪು ಮಾಡುವ ಯಂತ್ರ), ಲಿಫ್ಟ್, ಜನರೇಟರ್ ಬದಲಿಸುವ ನಿಧಿಗೆ ಪ್ರತಿ ವರ್ಷ ಒಂದು ಪಾಲು ತೆಗೆದಿಡಬೇಕೆಂಬ ಸಾಲು ಪಾರ್ಕ್ ನಡೆಸುವ ಕಂಪನಿಯ ನಿಯಮಾವಳಿಯಲ್ಲೇ ಇರಲಿ. ಕುಲಪತಿಗಳು ಬದಲಾದರೂ ಆ ಹಣ ಬೇರೆಡೆ ಹೋಗುವುದಿಲ್ಲ.