ಏರ್ ಕೂಲ್ಡ್ ಗಾಡಿ: ಎಂಜಿನ್ ಕಾವು ಬ್ಯಾರೆ, ಕಾಲು ಸುಡೂದು ಬ್ಯಾರೆ

ಹೋಳಿ ಹುಣ್ಣಿವಿ ಮುಗೀತಂದ್ರ ನಮ್ಮ ಹುಬ್ಬಳ್ಳಿ ಬೈಕ್ ದೋಸ್ತರೊಳಗ ಒಂದ ಮಾತು, ಗಾಡಿ ಬಾಳ ಹೀಟ್ ಆಗಾಕತ್ತೈತಿ ಏನ್ ಮಾಡೂದಲೇ ಅಂತ. ನಾನು ಹೊಳ್ಳಿ ಕೇಳೂದು ಒಂದ, ಎಂಜಿನ್ ಹೀಟ್ ಆಗಾಕತ್ತೈತೋ ಇಲ್ಲಾ ನಿನ್ನ ಕಾಲು ಸುಡಾಕತ್ತೈತೋ? ಯಾಕಂದ್ರ ಎರಡಕ್ಕೂ ಔಷಧ ಬ್ಯಾರೆ ಬ್ಯಾರೆ, ಕೆಲವೊಮ್ಮೆ ಒಂದರ ಔಷಧ ಇನ್ನೊಂದಕ್ಕ ವಿಷಾನೂ ಆಗತೈತಿ. ಇದನ್ನ ಬಿಡಿಸಿ ನೋಡದ ಆನ್‌ಲೈನ್‌ದಾಗ ಸಿಕ್ಕಿದ್ದೆಲ್ಲಾ ತರಿಸಿ ಹಚ್ಚಿದವ್ರನ್ನ ಬಾಳ ನೋಡೀನಿ, ರೊಕ್ಕ ಹೋತು, ಕಾವು ಅಲ್ಲೇ ಐತಿ.

ನಂದು ಬಿಎಸ್ 4 (ಗಾಡಿ ಹೊಗಿ ಬಗ್ಗೆ ಹಿಂದಿನ ನಿಯಮ) ಕಾಲದ 350 ಸಿಸಿ ಸಿಂಗಲ್ ಸಿಲಿಂಡರ್ ಬೈಕು, ಪೆಟ್ರೋಲ್‌ಗೆ ಗಾಳಿ ಕಲಿಸಿ ಕೊಡೋ ಕಾರ್ಬೊರೇಟರ್ ಇರೋ ಗಾಡಿ. ಎಂಜಿನ್‌ದಿಂದ ಸೈಲೆನ್ಸರ್‌ಗೆ ಹೋಗೋ ಬೆಂಡ್ ಪೈಪ್ ಬಲಗಡೆ, ಬ್ರೇಕ್ ಪೆಡಲೂ ಬಲಗಡೆ, ಅಂದ್ರ ಕಾಲು ಎಲ್ಲಿ ಇರಬೇಕೋ ಅಲ್ಲೇ ಬೆಂಕಿ. ಹಿಂದ ನಮ್ಮ ಮನಿಯಾಕಿ ಕುಂತ್ರ ಆಕಿ ಬಲಗಾಲಿಗೂ ಸೈಲೆನ್ಸರ್ ಝಳ. ಪೆಟ್ರೋಲ್ ಸುಟ್ಟು ಬರೋ ಶಕ್ತಿಯೊಳಗ ಹೆಚ್ಚಂದ್ರ ಮೂರರಾಗ ಒಂದು ಪಾಲು ಗಾಲಿಗೆ ಮುಟ್ಟತೈತಿ, ಉಳಿದದ್ದು ಸೈಲೆನ್ಸರ್‌ದಾಗ ಮತ್ತ ಎಂಜಿನ್ ಸುತ್ತ ಇರೋ ಪಟ್ಟಿ ಪಟ್ಟಿ ಫಿನ್ಸ್ ಮ್ಯಾಲಿಂದ ಹೊರಗ ಹೋಗಬೇಕು. ನೀರಿಲ್ಲ, ಫ್ಯಾನ್ ಇಲ್ಲ, ಗಾಳಿ ಹೊಡದ್ರಷ್ಟ ತಂಪು. ಗಾಡಿ ನಿಂತ್ರ ಗಾಳೀನೂ ನಿಂತತು.

ಮೊದಲ ಅಳತಿ ತಗೊಂಡೆ. ಇನ್ಫ್ರಾರೆಡ್ ಟೆಂಪರೇಚರ್ ಗನ್ ಒಂದು ತರಿಸಿದೆ, ಕೊರೊನಾ ಟೈಮ್‌ದಾಗ ಹಣಿಗೆ ಹಿಡೀತಿದ್ರಲ್ಲ ಅದಲ್ಲ, ಅದು ಜ್ವರದ ಲೆಕ್ಕಕ್ಕಷ್ಟ, ಗ್ಯಾರೇಜ್ ಕೆಲಸಕ್ಕ ಬರೋದು ಬ್ಯಾರೆ, ನಾನೂರರ ಮ್ಯಾಲೆ ಓದೂವಂಥದ್ದು. ಇದರೊಳಗ ಒಂದು ಮಜಾ ಐತಿ ನೋಡ್ರಿ, ಫಳಫಳ ಹೊಳೆಯೋ ಕ್ರೋಮ್ ಪೈಪಿಗೆ ಹಿಡದ್ರ ಇದು ಸುಳ್ಳು ಹೇಳತೈತಿ. ಹೊಳೆಯೋ ಮೈ ತನ್ನ ಕಾವನ್ನ ಕಿರಣದಾಗ ಕಮ್ಮಿ ಬಿಡತೈತಿ, ಗನ್ ನೋಡೂದು ಆ ಕಿರಣಾನ, ಹಿಂಗಾಗಿ ಕೈ ಇಟ್ರ ಚರ್ಮ ಅಂಟಿಕೊಳ್ಳೂವಷ್ಟು ಕಾದ ಪೈಪು ಗನ್‌ದಾಗ ಎಂಬತ್ತು ತೊಂಬತ್ತು ಡಿಗ್ರಿ ಅಂತ ಬರತೈತಿ. ಪೈಪ್ ಮ್ಯಾಲೆ ಒಂದು ರೂಪಾಯಿಯಷ್ಟು ಜಾಗಕ್ಕ ಹೀಟ್ ತಡಿಯೋ ಮ್ಯಾಟ್ ಕಪ್ಪು ಬಣ್ಣ ಹಚ್ಚಿ ಅಲ್ಲೇ ಹಿಡೀಬೇಕು, ಅವಾಗ ಖರೇ ನಂಬರ್ ಬರತೈತಿ. ಎಂಜಿನ್‌ಗೆ ಅಂದ್ರ ಸ್ಪಾರ್ಕ್ ಪ್ಲಗ್ ಬುಡದ ಹತ್ರ ಹೆಡ್ (ಸಿಲಿಂಡರ್ ಮ್ಯಾಲಿನ ಮುಚ್ಚಳ) ಮ್ಯಾಲೆ ಒಂದು ಖಾಯಂ ಜಾಗ ಮಾಡಿಕೊಂಡೆ. ಒಂದೇ ರಸ್ತೆ, ಒಂದೇ ಹೊತ್ತು, ಒಂದೇ ಜಾಗಕ್ಕ ಗನ್, ಇಷ್ಟಾದ್ರ ಯಾವುದು ಕೆಲಸ ಮಾಡತು ಯಾವುದು ಇಲ್ಲ ಅನ್ನೂದು ತಾನ ಗೊತ್ತಾಗತೈತಿ.

ಎಂಜಿನ್ ಕಡೆ ಬರೂಣು. ನನ್ನ ಗಾಡ್ಯಾಗ ದೊಡ್ಡ ಫರಕ್ ಆಗಿದ್ದು ಏನೂ ಹಚ್ಚಿದ್ದರಿಂದಲ್ಲ, ತಗದದ್ದರಿಂದ. ಟೂರಿಂಗ್ ಗಾಡಿ ಅಂತ ಲೆಗ್ ಗಾರ್ಡ್‌ಗೆ ಎರಡೂ ಕಡೆ ಬ್ಯಾಗು, ಅದರ ಮ್ಯಾಲ ಫಾಗ್ ಲೈಟು, ನಡುವ ಜೋಡಿ ಹಾರ್ನ್, ನೋಡಾಕ ಬಾಳ ಚೆಂದ, ಆದ್ರ ಮುಂದಿನ ಗಾಲಿ ದಾಟಿ ಹೆಡ್‌ಗೆ ಹೋಗೋ ಗಾಳೀನ್ನ ಇವೆಲ್ಲಾ ತಡೀತಾವು. ಬ್ಯಾಗು ತಗದು ಹಿಂದಿನ ಕ್ಯಾರಿಯರ್‌ಗೆ ಕಟ್ಟಿದೆ, ಲೈಟು ಮ್ಯಾಲಕ್ಕ ಹಾಕಿಸಿದೆ. ಆಮ್ಯಾಲ ಫಿನ್ಸ್. ನಮ್ಮ ಕಡೆ ಎರಿ ಮಣ್ಣು ಗೊತ್ತೈತಲ್ಲ, ನವಲಗುಂದ ಅಣ್ಣಿಗೇರಿ ಕಡೆ ಮಳಿಗಾಲದಾಗ ಒಂದ ಸಲ ಒಳರಸ್ತೆ ಹಿಡದ್ರ ಫಿನ್ಸ್ ಸಂದ್ಯಾಗ ಹೋಗಿ ಕುಂತು ಒಣಗಿ ಸಿಮೆಂಟ್ ಆಗಿಬಿಡತೈತಿ, ಮ್ಯಾಲೆ ಒರೆಸಿದ್ರ ಗಾಡಿ ಸ್ವಚ್ಛ ಕಾಣತೈತಿ ಒಳಗ ಮಣ್ಣು ಹಂಗ. ಹಳೆ ಟೂತ್ ಬ್ರಷ್ ಮತ್ತ ಬಿದಿರು ಕಡ್ಡಿ ತಗೊಂಡು ಒಂದೊಂದ ಸಂದಿ ಬಿಡಿಸಬೇಕು, ಅದೂ ಎಂಜಿನ್ ಪೂರಾ ತಣ್ಣಗಾದ ಮ್ಯಾಲ. ಕಾದ ಎಂಜಿನ್‌ಗೆ ತಣ್ಣೀರು ಹೊಡಿಸೂದು ಬ್ಯಾಡ್ರಿ, ವಾಷಿಂಗ್ ಸೆಂಟರ್‌ದವ್ರು ಗಡಿಬಿಡಿ ಮಾಡಿದ್ರೂ ಸ್ವಲ್ಪ ತಡೀರಿ ಅನ್ರಿ.

ಇನ್ನ ಮಿಕ್ಸ್ಚರ್. ಪೆಟ್ರೋಲ್ ಕಮ್ಮಿ ಗಾಳಿ ಹೆಚ್ಚು ಆದ್ರ, ಗ್ಯಾರೇಜ್‌ದಾಗ ಲೀನ್ ಅಂತಾರಲ್ಲ, ಎಂಜಿನ್ ಕಾವು ಏರತೈತಿ. ಪ್ಲಗ್ ಬಿಚ್ಚಿ ನೋಡಿದ್ರ ಬೆಳ್ಳಗ ಸುಣ್ಣದಂಗ ಇತ್ತು, ತೆಳು ಕಂದು ಬಣ್ಣ ಇರಬೇಕಾಗಿತ್ತು. ಗೋಕುಲ ರೋಡ್ ಕಡೆ ನಮ್ಮ ಉಸ್ತಾದ್ ಮೊದಲ ಕಾರ್ಬೊರೇಟರ್ ಮತ್ತ ಹೆಡ್ ನಡುವಿನ ರಬ್ಬರ್ ನೋಡಿದ, ಅದು ಸೀಳಿದ್ರ ಅಲ್ಲಿಂದ ಕಳ್ಳ ಗಾಳಿ ಒಳಗ ಹೊಕ್ಕತೈತಿ. "ರಬ್ಬರ್ ಬರಾಬರಿ ಐತ್ರಿ ಅಣ್ಣಾರ, ಜೆಟ್ ಒಂದು ಸೈಜ್ ದೊಡ್ಡದು ಹಾಕೂಣು" ಅಂದ. ಜೆಟ್ ಅಂದ್ರ ಕಾರ್ಬೊರೇಟರ್‌ದಾಗ ಪೆಟ್ರೋಲ್ ಬಿಡೋ ಸಣ್ಣ ತೂತಿನ ತುಂಡು. ಹಾಕಿಸಿದೆ, ಪ್ಲಗ್ ಬಣ್ಣ ಬದಲಾತು, ಹೆಡ್ ಮ್ಯಾಲಿನ ನಂಬರೂ ಇಳೀತು, ಮೈಲೇಜ್ ಚೂರು ಹೋತು. ಈಗ ಬಂಕ್‌ದಾಗ ಬರೋದು ಇ20 ಪೆಟ್ರೋಲ್, ಅಂದ್ರ ನೂರರಾಗ ಇಪ್ಪತ್ತು ಪಾಲು ಎಥನಾಲ್ ಕಲಿಸಿದ್ದು, ಅನ್ನೂದನ್ನ ಇಲ್ಲಿ ಮರೀಬಾರದು. ಬರೇ ಪೆಟ್ರೋಲ್ ಒಂದು ಕೆಜಿ ಸುಡಾಕ ಸುಮಾರು 14.7 ಕೆಜಿ ಗಾಳಿ ಬೇಕು, ಇ20ಗೆ ಸುಮಾರು 13.5 ಸಾಕು, ಯಾಕಂದ್ರ ಎಥನಾಲ್ ಒಳಗ ಆಕ್ಸಿಜನ್ ಮೊದಲ ಐತಿ. ಇಂಜೆಕ್ಷನ್ ಗಾಡ್ಯಾಗ ಸೆನ್ಸರ್ ನೋಡಿಕೊಂಡು ಒಂದಿಷ್ಟು ಸರಿ ಮಾಡಿಕೊಳ್ಳತೈತಿ, ಕಾರ್ಬೊರೇಟರ್‌ಗೆ ಎಲ್ಲಿ ಬುದ್ಧಿ, ಹಳೆ ಜೆಟ್‌ದಾಗ ಎಷ್ಟು ಬಿಡತಿತ್ತೋ ಅಷ್ಟ ಬಿಡತೈತಿ, ಹಿಂಗಾಗಿ ಲೀನ್ ಆಗತೈತಿ. ದಬದಬ ಸೌಂಡ್ ಬರ್ಲಿ ಅಂತ ಸೈಲೆನ್ಸರ್ ಬದಲಿ ಮಾಡಿ ಜೆಟ್ ಮುಟ್ಟದ ಬಿಡತಾರಲ್ಲ, ಅವ್ರದ್ದೂ ಇದ ಕಥಿ, ಮ್ಯಾಲ ಪೊಲೀಸ್ರ ದಂಡ ಬ್ಯಾರೆ.

ಎಂಜಿನ್ ಆಯಿಲ್ 15ಡಬ್ಲ್ಯೂ-50 (ಆಯಿಲ್ ಗಟ್ಟಿತನದ ನಂಬರ್), ಜಾಸೊ ಎಂಎ2 (ಬೈಕ್ ಕ್ಲಚ್‌ಗೆ ಹೊಂದೋ ಆಯಿಲ್‌ನ ಗುರುತು) ಅಂತ ಡಬ್ಬಿ ಮ್ಯಾಲ ಇರಬೇಕು. ಕಾರಿನ ಆಯಿಲ್ ತುಟ್ಟಿ ಐತಿ ಛಲೋ ಇರತೈತಿ ಅಂತ ಹಾಕಬ್ಯಾಡ್ರಿ, ಅದರಾಗಿನ ಜಾರಿಸೋ ಕೆಮಿಕಲ್‌ಗೆ ಕ್ಲಚ್ ಪ್ಲೇಟ್ ಜಾರತಾವು, ಜಾರಿದ್ರ ಅಲ್ಲೂ ಕಾವ. ಏರ್ ಕೂಲ್ಡ್ ಗಾಡ್ಯಾಗ ಅರ್ಧ ರೇಡಿಯೇಟರ್ ಕೆಲಸ ಆಯಿಲ್‌ದ್ದ ಇರತೈತಿ, ಲೆವೆಲ್ ಇಳದ್ರ ಕಾವು ಏರತೈತಿ. ನಂದರಾಗ ವಾಲ್ವ್ ಸಂದಿ ತಾನ ಸರಿ ಮಾಡಿಕೊಳ್ಳೋ ಹೈಡ್ರಾಲಿಕ್ ಟ್ಯಾಪೆಟ್, ಸೆಟ್ಟಿಂಗ್ ಇಲ್ಲ, ಆದ್ರ ಸ್ಕ್ರೂ ಟ್ಯಾಪೆಟ್ ಇದ್ದವ್ರು ಹೊಗಿ ಹೊರಗ ಬಿಡೋ ಎಕ್ಸಾಸ್ಟ್ ವಾಲ್ವ್ ಬಾಳ ಟೈಟ್ ಇಡಬಾರದು, ವಾಲ್ವ್ ಪೂರಾ ಕುಂದ್ರಲಿಲ್ಲಂದ್ರ ತನ್ನ ಕಾವು ಸೀಟ್‌ಗೆ ಕೊಡಾಕ ಆಗೂದಿಲ್ಲ, ಸುಟ್ಟು ಹೋಗತೈತಿ. ಮತ್ತ ಹಿಂದಿನ ಬ್ರೇಕ್ ಹಿಡಕೊಂಡೈತೇನು, ಚೈನ್ ಬಿಗಿ ಐತೇನು, ಟೈರ್‌ದಾಗ ಗಾಳಿ ಐತೇನು, ಸೆಂಟರ್ ಸ್ಟ್ಯಾಂಡ್ ಹಾಕಿ ಗಾಲಿ ಕೈಲೆ ತಿರುಗಿಸಿ ನೋಡ್ರಿ, ಐದು ನಿಮಿಷದ ಕೆಲಸ.

ಈಗ ಕಾಲು. ಎಲ್ಲಾರೂ ಕೇಳೂದು ಹೀಟ್ ರ್‍ಯಾಪ್ ಬಗ್ಗೆ, ಅದೇ ಪೈಪಿಗೆ ಬ್ಯಾಂಡೇಜ್ ಸುತ್ತಿದಂಗ ಸುತ್ತತಾರಲ್ಲ. ನಾನೂ ಸುತ್ತಿದೆ. ನೀರಾಗ ನೆನೆಸಿ ಒದ್ದಿ ಇದ್ದಾಗ ಬಿಗಿಯಾಗಿ ಸುತ್ತಬೇಕು, ಒಣಗಿದ್ರ ಎಳಿ ಮುರದು ಕೈಗೆಲ್ಲಾ ತುರಿಕಿ, ಗ್ಲೌಸ್ ಮತ್ತ ತುಂಬು ತೋಳಿನ ಅಂಗಿ ಬೇಕ ಬೇಕು. ಸೈಲೆನ್ಸರ್ ಕಡೆಯಿಂದ ಹೆಡ್ ಕಡೆಗೆ ಸುತ್ತಕೋತ ಹೋಗಿ ಸ್ಟೀಲ್ ಟೈ ಹಾಕಿದೆ. ಮೊದಲ ಸಲ ಚಾಲೂ ಮಾಡಿದಾಗ ಹೊಗಿ ಬರತೈತಿ, ಅಂಜಬ್ಯಾಡ್ರಿ. ಕಾಲಿಗೆ ಖರೇನ ಆರಾಮ ಆತು. ಆದ್ರ ಕಾವು ಮಾಯ ಆಗೂದಿಲ್ಲ, ಹೊರಗ ಹೋಗೋದು ಪೈಪ್ ಒಳಗ ಉಳೀತೈತಿ, ಪೈಪ್ ತಾನ ಇನ್ನೂ ಕಾಯತೈತಿ, ಹೆಡ್‌ದಾಗ ಹೊಗಿ ಹೊರಬೀಳೋ ಎಕ್ಸಾಸ್ಟ್ ಪೋರ್ಟ್ ಬಾಜೂನೂ ಕಾಯತೈತಿ. ಹಂಗಾಗಿ ಹೆಡ್‌ದಿಂದ ಒಂದು ಗೇಣು ಬಿಟ್ಟೇ ಸುತ್ತಿದೆ. ಎರಡನೇದು ಜಂಗು. ಮಿರಗ ಕೂಡಿ ಮಳಿ ಹಿಡೀತಂದ್ರ ರ್‍ಯಾಪ್ ನೀರು ಹಿಡಕೊಂಡು ಕುಂದ್ರತೈತಿ, ಸ್ಟೇನ್‌ಲೆಸ್ ಪೈಪ್ ಇದ್ರ ಅಷ್ಟೇನಿಲ್ಲ, ಕಬ್ಬಿಣದ್ದು ಇದ್ರ ಒಳಗೊಳಗ ತಿಂದು ಹಾಕತೈತಿ. ಮಳಿಗಿಂತ ಮೊದಲ ಬಿಚ್ಚಿ ತಗದೆ, ಮತ್ತ ಸುತ್ತಲಿಲ್ಲ.

ಅದರ ಬದ್ಲಿ ಶೀಲ್ಡ್ ಮಾಡಿಸಿದೆ, ನನ್ನ ಮಟ್ಟಿಗೆ ಇದ ಎಲ್ಲಾದಕ್ಕಿಂತ ಸೋವಿ ಮತ್ತ ಛಲೋ. ನಂಬರ್ ಪ್ಲೇಟ್ ಮಾಡೋ ಅಂಗಡ್ಯಾಗ ಖಾಲಿ ಅಲ್ಯೂಮಿನಿಯಂ ಶೀಟ್ ಸಿಗತಾವು, ಒಂದು ತಂದು ಪೈಪ್ ಗುಂಡಗಿಗೆ ಬಗ್ಗಿಸಿ, ಎರಡು ಹೋಸ್ ಕ್ಲಿಪ್‌ಲೆ ಕಟ್ಟಿಸಿದೆ. ಜೀವ ಇರೂದು ಸಂದ್ಯಾಗ, ಪೈಪಿಗೂ ಶೀಟಿಗೂ ನಡುವ ಅರ್ಧ ಇಂಚು ಗಾಳಿ ಆಡಬೇಕು, ಅದಕ್ಕ ನಡುವ ಸಣ್ಣ ಸ್ಟೀಲ್ ನಟ್ ಕೊಟ್ಟಾರ, ಅವೂ ಎಷ್ಟು ಕಮ್ಮಿ ಮುಟ್ಟತಾವೋ ಅಷ್ಟು ಛಲೋ. ಪೈಪ್ ಕಡೆ ಮುಖ ಹೊಳಪ ಇರಬೇಕು, ಬಣ್ಣ ಹಚ್ಚಬಾರದು, ಹೊಳಪಿಗೆ ಕಾವಿನ ಕಿರಣ ಹೊಳ್ಳಿ ಹೋಗತಾವು. ಪೈಪ್ ಗಾಳಿಗೆ ತೆರದ ಇರತೈತಿ, ಎಂಜಿನ್‌ಗೆ ತ್ರಾಸಿಲ್ಲ, ಮಳಿಗೆ ಜಂಗಿಲ್ಲ. ಇಂಥದ್ದ ಇನ್ನೊಂದು ತುಂಡು ಹಿಂದಿನ ಫುಟ್‌ರೆಸ್ಟ್ ಹತ್ರ ಹಾಕಿಸಿದೆ. ಮನಿಯಾಕಿ ಈಗ ಯಲ್ಲಾಪುರದ ತನಕ ಏನೂ ಅನ್ನದ ಕುಂತು ಬರತಾಳ, ನನಗ ಅದ ಸರ್ಟಿಫಿಕೇಟು.

ಓಡಿಸೂದರಾಗೂ ಐತಿ. ಚೆನ್ನಮ್ಮ ಸರ್ಕಲ್‌ದಾಗ ಸಿಕ್ಕೊಂಡ್ರಂತೂ ನಿಂತದ್ದ ನಿಂತದ್ದು, ನಾನು ಅರ್ಧ ನಿಮಿಷದ ಮ್ಯಾಲ ನಿಲ್ಲೂದು ಐತಂದ್ರ ಬಂದ್ ಮಾಡತೀನಿ. ಲಾಂಗ್ ಹೊಡದು ಬಂದು ಎಂಜಿನ್ ತಣ್ಣಗಾಗ್ಲಿ ಅಂತ ನಿಂತಲ್ಲೇ ಚಾಲೂ ಬಿಡತಾರಲ್ಲ, ಅದಕ್ಕೇನ ಅರ್ಥ ಇಲ್ಲ, ಗಾಳಿ ಇಲ್ಲದ ಬರೇ ಕಾವು ಸೇರತೈತಿ, ಕಡೀ ಒಂದೆರಡು ಕಿಲೋಮೀಟರ್ ಹಗೂರಕ ಬಂದು ಬಂದ್ ಮಾಡ್ರಿ. ಅರಬೈಲ್ ಘಾಟ್‌ದಾಗ ಅಂಕೋಲಾ ಕಡೆಯಿಂದ ಏರಬೇಕಾದ್ರ ಲಾರಿ ಹಿಂದ ಅರ್ಧ ಕ್ಲಚ್‌ದಾಗ ಹೋಗೂದಕ್ಕಿಂತ ಬದಿಗೆ ನಿಂತು ಲಾರಿ ದೂರ ಹೋಗಾಕ ಬಿಟ್ಟು, ಆಮ್ಯಾಲ ಸೆಕೆಂಡ್ ಗೇರ್‌ದಾಗ ಒಂದ ಓಟದಾಗ ಏರೂದು ಛಲೋ. ಇನ್ನೊಂದು ಗಾಳಿ ದಿಕ್ಕು. ಆಷಾಢದಾಗ ಪಡುವಣ ಗಾಳಿ, ಹುಬ್ಬಳ್ಳಿಂದ ಗದಗಕ್ಕ ಹೊಂಟ್ರ ಬೆನ್ನಿಗೆ ಹೊಡೀತೈತಿ, ಸವಾರಗ ಹಗೂರ ಅನಿಸಿದ್ರೂ ಫಿನ್ಸ್‌ಗೆ ಮುಟ್ಟೂದು ಗಾಡಿ ಸ್ಪೀಡ್‌ದಾಗ ಗಾಳಿ ಸ್ಪೀಡ್ ಕಳದು ಉಳದದ್ದಷ್ಟ.

ಆಯಿಲ್ ಕೂಲರ್, ಅಂದ್ರ ಆಯಿಲ್ ಹೊರಗ ತಂದು ತಂಪು ಮಾಡೋ ಸಣ್ಣ ರೇಡಿಯೇಟರ್, ಅದರ ಬಗ್ಗೆ ಬಾಳ ಮಂದಿ ಕೇಳತಾರ. ನಾನು ಹಾಕಿಸಿಲ್ಲ. ಹೋಸ್ ಜಾಯಿಂಟ್ ಎಲ್ಲೆರೆ ಲೀಕ್ ಆತಂದ್ರ ನಡುದಾರ್‍ಯಾಗ ಎಂಜಿನ್ ಜಾಮ್, ಥರ್ಮೋಸ್ಟಾಟ್ (ಆಯಿಲ್ ಕಾಯೂತನಕ ಅದನ್ನ ಕೂಲರ್ ಕಡೆ ಬಿಡದ ತಡಿಯೋದು) ಇಲ್ಲದ್ದು ಹಾಕಿದ್ರ ಚಳಿಗಾಲದ ಮುಂಜಾನೆ ಆಯಿಲ್ ಕಾಯೂದ ಇಲ್ಲ. ದಿನಾ ಸಾಮಾನು ಹೇರಿಕೊಂಡು ಘಾಟ್ ಏರೋರು ಹಾಕಿಸ್ಲಿ, ಹುಬ್ಬಳ್ಳಿ ಧಾರವಾಡ ನಡುವ ಓಡಿಸಿ ವಾರಕ್ಕೊಮ್ಮೆ ಹೊರಗ ಹೋಗೋ ನಮ್ಮಂಥವ್ರಿಗೆ ಫಿನ್ಸ್ ಸ್ವಚ್ಛ, ಜೆಟ್ ಬರಾಬರಿ, ಆಯಿಲ್ ಟೈಮಿಗೆ ಬದಲಿ ಇದ್ರ ಸಾಕು.