ಮೊದಲು ಪಾದ, ಆಮೇಲೆ ಆಳ

ನಾನು ಕುಂಗ್ ಫು ನಿಲುವುಗಳನ್ನು ಅಭ್ಯಾಸ ಮಾಡುವುದು ಚಿಕ್ಕಮಗಳೂರು ಕಡೆಯ ಒಂದು ಕಾಫಿ ಕಣದಲ್ಲಿ. ಕೊಯ್ಲಿನ ತಿಂಗಳುಗಳಲ್ಲಿ ಅಲ್ಲಿ ಹಣ್ಣು ಹರವಿರುತ್ತಾರೆ, ಮಳೆಗಾಲದಲ್ಲಿ ಪಾಚಿ ಕಟ್ಟುತ್ತದೆ. ಆಗೆಲ್ಲ ಜಗಲಿಯೇ ಗತಿ. ಎಲ್ಲೇ ನಿಂತರೂ ಒಂದು ತುಂಡು ಸೀಮೆಸುಣ್ಣ ಜೊತೆಗಿರುತ್ತದೆ. ಟೇಪು ಬೇಡ, ಅವರವರ ಪಾದವೇ ಅವರವರ ಅಳತೆಗೋಲು.

ಮಾ ಬು, ಅಂದರೆ ಕುದುರೆ ನಿಲುವು. ಹೊಸಬರು ಎಷ್ಟು ಕೆಳಗೆ ಕೂರಬಹುದು ಎಂದು ನೋಡುತ್ತಾರೆ, ಎಡವಟ್ಟಾಗುವುದು ಅಲ್ಲೇ. ನಾನು ಮೊದಲು ಅಗಲ ಗುರುತು ಹಾಕಿಕೊಳ್ಳುತ್ತೇನೆ. ಒಂದು ಪಾದದ ತುದಿಗೆ ಇನ್ನೊಂದರ ಹಿಮ್ಮಡಿ ತಾಗಿಸುತ್ತಾ ಮೂರು ಪಾದ ಅಳೆದರೆ ಉತ್ತರ ಚೀನಾದ ಚಾಂಗ್‌ಕ್ವಾನ್ ಪದ್ಧತಿಯ ಪೂರ್ತಿ ಅಗಲ. ಶುರುವಿಗೆ ಎರಡೂವರೆ ಧಾರಾಳವಾಯಿತು. ಬೆರಳುಗಳು ನೇರ ಮುಂದಕ್ಕೆ. ಸೊಂಟದ ಕೀಲು ಬಿಗಿ ಇದ್ದವರು ಪಾದವನ್ನು ಹತ್ತು ಹದಿನೈದು ಡಿಗ್ರಿ ಹೊರಕ್ಕೆ ತಿರುಗಿಸಿಕೊಂಡರೂ ಅಡ್ಡಿಯಿಲ್ಲ, ಆದರೆ ಮಂಡಿಯೂ ಅಷ್ಟೇ ತಿರುಗಬೇಕು. ಕೂರುವಾಗ ಮೊದಲು ತೊಡೆಸಂದು ಮಡಚಬೇಕು, ಮಂಡಿ ಅದರ ಹಿಂದೆ. ತೂಕ ಎರಡೂ ಕಾಲಿಗೆ ಸಮಪಾಲು. ತೊಡೆ ನೆಲಕ್ಕೆ ಸಮವಾಗುವುದು ತಿಂಗಳುಗಳ ಮಾತು. ಅಲ್ಲಿಯವರೆಗೆ ಅರ್ಧ ಇಳಿಜಾರಲ್ಲೇ ಇರಲಿ.

ಕೂತಮೇಲೆ ಒಂದು ಸಲ ಬಗ್ಗಿ ನೋಡಿಕೊಳ್ಳಬೇಕು. ಮಂಡಿಯ ಒಳಬದಿಯಲ್ಲಿ ಕಾಲಿನ ಹೆಬ್ಬೆರಳು ಕಾಣುತ್ತಿದ್ದರೆ ಸರಿ. ಮಂಡಿ ಅದನ್ನು ಮುಚ್ಚಿದ್ದರೆ ಕಾಲು ಒಳಕ್ಕೆ ವಾಲಿದೆ, ಜೊತೆಗೆ ಅಂಗಾಲಿನ ಕಮಾನೂ ಕುಸಿದಿರುತ್ತದೆ. ಬರೀ ಮಂಡಿಯನ್ನು ಹೊರಕ್ಕೆ ತಳ್ಳಿದರೆ ಹೆಬ್ಬೆರಳು ನೆಲ ಬಿಡುತ್ತದೆ. ಹೆಬ್ಬೆರಳ ಬುಡ, ಕಿರುಬೆರಳ ಬುಡ, ಹಿಮ್ಮಡಿ ಮೂರನ್ನೂ ಊರಿಕೊಂಡು, ಹಾಸಿದ ಚಾಪೆಯನ್ನು ಎರಡೂ ಕಾಲಿಂದ ಆಚೀಚೆ ಎಳೆದು ಹರಿಯುವ ಹಾಗೆ ಒತ್ತಬೇಕು. ಆಗ ಮಂಡಿ ತಾನಾಗಿ ಜಾಗಕ್ಕೆ ಬರುತ್ತದೆ.

ಬಸ್ಕಿ ಹೊಡೆದು ಪಳಗಿದವರಿಗೆ ಇಲ್ಲೊಂದು ತೊಡಕು. ಗರಡಿ ಬಸ್ಕಿಯಲ್ಲಿ ಹಿಮ್ಮಡಿ ಏಳುತ್ತದೆ, ಮಂಡಿ ಮುಂದಕ್ಕೆ ಹೋಗುತ್ತದೆ. ಅಲ್ಲಿ ಅದು ಸರಿ. ಅದೇ ಚಾಳಿ ಕುದುರೆ ನಿಲುವಿಗೆ ಬಂದರೆ ಭಾರವೆಲ್ಲ ಮಂಡಿಚಿಪ್ಪಿನ ಮೇಲೆ ಬೀಳುತ್ತದೆ. ತೊಡೆ ಉರಿಯಲಿ, ನಡುಗಲಿ, ಪರವಾಗಿಲ್ಲ. ಮಂಡಿಯೊಳಗೆ ಚುಚ್ಚಿದರೆ ಎದ್ದುಬಿಡಬೇಕು. ಮೊದಲ ವಾರ ನಾನು ಇಟ್ಟುಕೊಂಡ ಲೆಕ್ಕ 15 ಸೆಕೆಂಡ್, ನಾಲ್ಕು ಸಲ. ಆಮೇಲೆ ವಾರಕ್ಕೆ ಐದೈದು ಸೆಕೆಂಡ್ ಏರಿಸಿದೆ. ಉಸಿರು ಕಟ್ಟಿ ಹಲ್ಲು ಕಚ್ಚಿ ನಿಂತ ಸೆಕೆಂಡುಗಳನ್ನು ಲೆಕ್ಕಕ್ಕೇ ಹಿಡಿಯಲಿಲ್ಲ.

ಇಷ್ಟೆಲ್ಲ ಮಾಡಿದರೂ ಎದುರಾಳಿಗೆ ಎದೆಯೊಡ್ಡಿ ಕುದುರೆ ನಿಲುವಲ್ಲಿ ನಿಂತರೆ ಅದು ರಕ್ಷಣೆಯಲ್ಲ. ಪರೀಕ್ಷೆ ಸುಲಭ: ಯಾರಿಗಾದರೂ ಪಕ್ಕದಿಂದ ಭುಜ ತಳ್ಳಲು ಹೇಳಿ, ಅಲ್ಲಾಡುವುದಿಲ್ಲ. ಎದೆಗೆ ಎರಡು ಬೆರಳಿಟ್ಟು ಒತ್ತಲು ಹೇಳಿ, ಹಿಂದಕ್ಕೆ ವಾಲುತ್ತೀರಿ. ಎರಡು ಪಾದ ಸೇರಿಸಿ ಗೆರೆ ಎಳೆದರೆ ಆ ಗೆರೆಯುದ್ದಕ್ಕೂ ಬಲ, ಅಡ್ಡಕ್ಕೆ ಬಲವಿಲ್ಲ. ಎಲ್ಲ ನಿಲುವಿಗೂ ಇದೇ ಲೆಕ್ಕ. ಅದಕ್ಕೇ ಕುದುರೆ ನಿಲುವನ್ನು ಪಕ್ಕಕ್ಕೆ ತಿರುಗಿ ಬಳಸುವುದು.

ಮುಂದಿನಿಂದ ಬರುವ ಒತ್ತಡಕ್ಕೆ ಗೊಂಗ್ ಬು, ಬಿಲ್ಲು ನಿಲುವು. ಮುಂಗಾಲು ಬಾಗಿ, ಹಿಂಗಾಲು ನೆಟ್ಟಗೆ, ಮುಂದೆ ನೂರಕ್ಕೆ ಸುಮಾರು ಅರವತ್ತು ಪಾಲು ತೂಕ. ಹಿಂದಿನ ಪಾದ 45 ಡಿಗ್ರಿ ಓರೆ, ಹಿಮ್ಮಡಿ ನೆಲದಲ್ಲೇ. ಎರಡೂ ಪಾದ ಒಂದೇ ಗೆರೆಯ ಮೇಲೆ ಬಂದರೆ ಹಗ್ಗದ ಮೇಲೆ ನಿಂತಂತೆ, ಪಕ್ಕದಿಂದ ಮುಟ್ಟಿದರೂ ಸಾಕು. ನಡುವೆ ಅಡ್ಡಡ್ಡಲಾಗಿ ಒಂದು ಗೇಣಾದರೂ ಬಿಡಬೇಕು. ಕುದುರೆಯಿಂದ ಬಿಲ್ಲಿಗೆ ಹೊರಳುವಾಗಲೇ ಮಂಡಿಗೆ ಪೆಟ್ಟಾಗುವುದು ಹೆಚ್ಚು. ಕಣದ ಒರಟು ಸಿಮೆಂಟಿಗೆ ಬರಿಗಾಲು ಕಚ್ಚಿಕೊಳ್ಳುತ್ತದೆ; ಸೊಂಟ ತಿರುಗುತ್ತದೆ, ಪಾದ ತಿರುಗುವುದಿಲ್ಲ, ತಿರುಚೆಲ್ಲ ಮಂಡಿಗೆ. ತೆಳು ಅಟ್ಟೆಯ ಕ್ಯಾನ್ವಾಸ್ ಶೂ ಹಾಕಿಕೊಂಡು, ಪಾದವನ್ನೂ ಮಂಡಿಯನ್ನೂ ಒಟ್ಟಿಗೆ ತಿರುಗಿಸುವುದನ್ನು ನಿಧಾನವಾಗಿ ರೂಢಿ ಮಾಡಿಕೊಂಡೆ, ಒಂದೊಂದು ಕಡೆಗೆ ಹತ್ತು ಸಲ.

ನಿಜಕ್ಕೂ ತಪ್ಪಿಸಿಕೊಳ್ಳಲು ಒದಗುವುದು ಶು ಬು, ಖಾಲಿ ನಿಲುವು. ಹಿಂಗಾಲ ಮೇಲೆ ಹೆಚ್ಚುಕಡಿಮೆ ಪೂರ್ತಿ ತೂಕ, ಮುಂದಿನ ಪಾದದ ತುದಿ ಮಾತ್ರ ನೆಲಕ್ಕೆ. ಮುಂದಿನ ಕೈ ಗಲ್ಲದ ಎತ್ತರಕ್ಕೆ, ಹಿಂದಿನ ಕೈ ಎದೆಯ ಮುಂದೆ, ಮೊಣಕೈ ಕೆಳಮುಖ. ಮೊಣಕಾಲ ಕೆಳಗೆ ಒದೆ ಬಂದರೆ ಆ ಖಾಲಿ ಕಾಲನ್ನು ಹಾಗೇ ಎತ್ತಬಹುದು, ತೂಕ ಬದಲಿಸಲು ಹೊತ್ತು ಕಳೆಯುವುದಿಲ್ಲ. ಇದರಲ್ಲಿ ಎಲ್ಲರೂ ತಮಗೇ ಮೋಸ ಮಾಡಿಕೊಳ್ಳುತ್ತಾರೆ: ತೊಡೆ ಸೋತಾಗ ಸದ್ದಿಲ್ಲದೆ ಮುಂಗಾಲಿಗೆ ಭಾರ ಇಳಿಸುತ್ತಾರೆ. ಅದಕ್ಕೆ ಮುಂದಿನ ಪಾದದಡಿ ಹಳೇ ಪೇಪರಿನ ಹಾಳೆ ಇಟ್ಟು, ಪಕ್ಕದಲ್ಲಿದ್ದವರಿಗೆ ಮೆಲ್ಲಗೆ ಎಳೆಯಲು ಹೇಳುತ್ತೇನೆ. ಜಾರಿಕೊಂಡು ಬಂದರೆ ಸರಿ, ಹರಿದರೆ ತೂಕ ಇನ್ನೂ ಮುಂದಿದೆ. ಮಳೆಗಾಲದ ಥಂಡಿಗೆ ಪೇಪರು ಸುಮ್ಮನೆ ಮುಟ್ಟಿದರೂ ಹರಿಯುತ್ತದೆ. ಆಗ ಗೊಬ್ಬರದ ಚೀಲದ ಒಂದು ತುಂಡು ಇಟ್ಟುಕೊಂಡು, ಅದು ಎಳೆತಕ್ಕೆ ಬಿಗಿಯುತ್ತದೋ ಇಲ್ಲವೋ ಎಂದಷ್ಟೇ ನೋಡುತ್ತೇನೆ.