ಹಳೇ ಡ್ರಮ್ಮು, ಹೊಸ ಪ್ಯಾಕಿಂಗ್: ವಿಕಿರಣ ತ್ಯಾಜ್ಯ ಘಟಕದಲ್ಲಿ ನನ್ನ ಅನುಭವ

ವಿಕಿರಣ ತ್ಯಾಜ್ಯದ ಕೆಲಸ ಅಂದ ಕೂಡಲೇ ಜನ ಕೇಳುವುದು ಒಂದೇ: "ರೇಡಿಯೇಷನ್‌ಗೆ ಭಯ ಆಗಲ್ವಾ?" ನಿಜ ಹೇಳಬೇಕೆಂದರೆ ನನಗೆ ಭಯ ಇರುವುದು ರಸಾಯನಶಾಸ್ತ್ರದ್ದು. ವಿಕಿರಣ ಎಷ್ಟಿದೆ ಅಂತ ಮೀಟರ್ ಆ ಕ್ಷಣಕ್ಕೇ ಹೇಳಿಬಿಡುತ್ತದೆ. ದೂರ ನಿಲ್ಲು, ಬೇಗ ಮುಗಿಸು, ನಡುವೆ ಸೀಸವನ್ನೋ ಕಾಂಕ್ರೀಟನ್ನೋ ಇಡು. ಅದಕ್ಕೆ ಮದ್ದು ಅಷ್ಟೇ. ಆದರೆ ದಶಕಗಳ ಹಿಂದೆ ಯಾರೋ ತುಂಬಿ ಮುಚ್ಚಿಟ್ಟ ಡ್ರಮ್ಮಿನೊಳಗೆ ಯಾವುದಕ್ಕೆ ಯಾವುದು ತಾಗಿಕೊಂಡು ಕೂತಿದೆ, ಇನ್ನು ನೂರು ವರ್ಷದಲ್ಲಿ ಅವು ಒಂದಕ್ಕೊಂದು ಏನು ಮಾಡಿಕೊಳ್ಳುತ್ತವೆ ಅನ್ನುವುದನ್ನು ಯಾವ ಮೀಟರೂ ಹೇಳುವುದಿಲ್ಲ. ಹಳೇ ಡ್ರಮ್ ಬಿಚ್ಚಿ, ಒಳಗಿನದನ್ನು ಸಂಸ್ಕರಿಸಿ, ಹೊಸದಕ್ಕೆ ತುಂಬುವ ಘಟಕದಲ್ಲಿ ನಾನು ಮಾಡಿದ ಕೆಲಸದ ಬಹುಪಾಲು ಈ ಪ್ರಶ್ನೆಯ ಬೆನ್ನು ಹತ್ತಿದ್ದೇ.

ನಮ್ಮ ಕೈಗೆ ಬರುತ್ತಿದ್ದದ್ದು ಮಧ್ಯಮ ಮಟ್ಟದ ತ್ಯಾಜ್ಯ. ಕೆಳಮಟ್ಟದ್ದು, ಅಂದರೆ ಕೈಗವಸು, ಒರೆಸಿದ ಬಟ್ಟೆ, ಮೇಲಂಗಿ ಇತ್ಯಾದಿ, ಹತ್ತಿರ ಹೋಗಿ ಕೈಯಿಂದಲೇ ಎತ್ತಿಡಬಹುದಾದದ್ದು. ಮೇಲ್ಮಟ್ಟದ್ದು ತನ್ನಷ್ಟಕ್ಕೆ ತಾನೇ ಬಿಸಿಯಾಗುತ್ತಿರುತ್ತದೆ. ಅದನ್ನು ಗಾಜಿನೊಂದಿಗೆ ಕರಗಿಸಿ ಎರಕ ಹೊಯ್ದು, ಶಾಖ ಹೊರಹೋಗುವಂತೆ ನೋಡಿಕೊಳ್ಳಬೇಕು. ನಡುವಿನದಕ್ಕೆ ಶಾಖದ ಕಾಟ ಅಷ್ಟಿಲ್ಲ, ಆದರೆ ದಪ್ಪ ಗೋಡೆಯ ಮರೆಯಿಲ್ಲದೆ ಹತ್ತಿರ ಸುಳಿಯುವ ಹಾಗಿಲ್ಲ. ರಿಯಾಕ್ಟರಿನ ನೀರು ಶುದ್ಧ ಮಾಡಿ ಮಾಡಿ ದಣಿದ ರೆಸಿನ್ (ಕಲ್ಮಶ ಹೀರುವ ಸಣ್ಣ ಮಣಿಗಳು), ಫಿಲ್ಟರ್ ಕಾರ್ಟ್ರಿಜ್, ಇಂಧನದ ಮೇಲಿಂದ ಸುಲಿದ ಲೋಹದ ಕವಚ, ತೊಟ್ಟಿಯ ತಳದ ಕೆಸರು, ಪ್ಲುಟೋನಿಯಂ ಅಂಟಿದ ಸಾಮಾನು, ಎಲ್ಲವೂ ಇದರಲ್ಲೇ. ಇವುಗಳ ಆಯಸ್ಸು ಬೇರೆ ಬೇರೆ. ಸೀಸಿಯಂ-137ರ ಅರ್ಧಾಯು, ಅಂದರೆ ಅರ್ಧಕ್ಕೆ ಇಳಿಯಲು ಹಿಡಿಯುವ ಕಾಲ, ಸುಮಾರು 30 ವರ್ಷ; 300 ವರ್ಷ ಕಳೆದರೆ ಸಾವಿರದಲ್ಲಿ ಒಂದು ಪಾಲು ಉಳಿಯುತ್ತದೆ. ಪ್ಲುಟೋನಿಯಂ-239ರದ್ದು 24 ಸಾವಿರ ವರ್ಷ. ಮೊದಲನೆಯದಕ್ಕೆ ಕಾಂಕ್ರೀಟ್ ಕೋಣೆ, ಮೇಲೆ ಕಾವಲು ಸಾಕಾಗಬಹುದು. ಎರಡನೆಯದಕ್ಕೆ ಕಾವಲುಗಾರರನ್ನು ನಂಬುವಂತಿಲ್ಲ, ಬಂಡೆಯ ಆಳವೇ ಬೇಕು.

ಒಮ್ಮೆ ತುಂಬಿಟ್ಟದ್ದನ್ನು ಮತ್ತೆ ಯಾಕೆ ಬಿಚ್ಚಬೇಕು? ಮೊದಲ ಕಾರಣ ತುಕ್ಕು, ಅದೂ ಒಳಗಿನಿಂದ. ಹಿಂದೆ ತ್ಯಾಜ್ಯವನ್ನು ಪಿವಿಸಿ ಚೀಲದಲ್ಲಿ ಸುತ್ತಿ ಸಾದಾ ಉಕ್ಕಿನ ಡ್ರಮ್ಮಿಗೆ ಹಾಕುತ್ತಿದ್ದರು. ವಿಕಿರಣ ಬಿದ್ದ ಪಿವಿಸಿ ನಿಧಾನವಾಗಿ ಹೈಡ್ರೋಕ್ಲೋರಿಕ್ ಆಮ್ಲದ ಹಬೆ ಬಿಡುತ್ತದೆ. ಹೊರಗಿನ ಬಣ್ಣ ಹೊಳೆಯುತ್ತಿರುತ್ತದೆ, ಒಳಗಿನ ತಗಡು ಹಪ್ಪಳ ಕಳಚಿದಂತೆ ಪದರ ಪದರವಾಗಿ ಏಳುತ್ತಿರುತ್ತದೆ. ಎರಡನೆಯದು, ನಿಯಮ ಆಮೇಲೆ ಬಂತು. ಅಂತಿಮ ವಿಲೇವಾರಿ ಜಾಗದವರು ಇಂಥದ್ದನ್ನು ಮಾತ್ರ ತಗೋತೀವಿ, ದ್ರವ ಇರಬಾರದು, ಒತ್ತಡದ ಡಬ್ಬಿ ಇರಬಾರದು ಎಂದು ಪಟ್ಟಿ ಹಾಕುವ ಹೊತ್ತಿಗೆ ಸಾವಿರಾರು ಡ್ರಮ್ಮುಗಳು ತುಂಬಿ ಆಗಿತ್ತು. ತಡಮಾಡಿದರೆ ಏನಾಗುತ್ತದೆ ಅನ್ನುವುದಕ್ಕೆ ಜರ್ಮನಿಯ ಆಸ್ಸೆ ಉಪ್ಪಿನ ಗಣಿ ಸಾಕ್ಷಿ. 1967ರಿಂದ 1978ರವರೆಗೆ ಅಲ್ಲಿಗೆ ಸುಮಾರು 1,26,000 ಪೀಪಾಯಿಗಳನ್ನು ಇಳಿಸಿದರು. ಗಣಿಗೆ ನೀರು ಜಿನುಗಿತು. ಈಗ ಅವನ್ನೆಲ್ಲ ಮೇಲೆತ್ತಬೇಕೆಂದು ಕಾನೂನೇ ಆಗಿದೆ.

ನಮ್ಮಲ್ಲಿ ಡ್ರಮ್ ಬಂದ ತಕ್ಷಣ ಅದರ ಕಾಗದ ಓದುತ್ತಿದ್ದೆವು, ಆದರೆ ನಂಬುತ್ತಿರಲಿಲ್ಲ. ಹಳೇ ಕಾಗದಗಳಲ್ಲಿ ಹೆಚ್ಚಾಗಿ ಇರುತ್ತಿದ್ದದ್ದು "ಮಿಶ್ರ ತ್ಯಾಜ್ಯ, ಘನ" ಅನ್ನುವಂಥ ಒಂದು ಸಾಲು, ಕೆಳಗೆ ಅರ್ಥವಾಗದ ಒಂದು ಸಹಿ. ಹಾಗಾಗಿ ಮೊದಲು ಎಕ್ಸ್‌ರೇ. ಇದು ಆಸ್ಪತ್ರೆಯ ಹಾಗೆ ಒಂದು ಫೋಟೋ ತೆಗೆದು ಮುಗಿಸುವುದಲ್ಲ. ಡ್ರಮ್ಮನ್ನು ತಿರುಗುಮೇಜಿನ ಮೇಲೆ ಕೂರಿಸಿ, ಸುತ್ತಿಸುತ್ತಾ ಪರದೆ ಮೇಲೆ ನೇರ ನೋಡುವುದು. ನನಗೆ ಈ ಕೆಲಸ ಕಲಿಸಿದ ಹಿರಿಯರು ಚಿತ್ರಕ್ಕಿಂತ ಚಲನೆ ನೋಡು ಅನ್ನುತ್ತಿದ್ದರು. ಡ್ರಮ್ಮನ್ನು ಸ್ವಲ್ಪ ವಾಲಿಸಿ ಗಕ್ಕನೆ ನಿಲ್ಲಿಸಬೇಕು. ಘನ ವಸ್ತು ಡ್ರಮ್ಮಿನ ಜೊತೆಗೇ ವಾಲಿ ಅಲ್ಲೇ ನಿಲ್ಲುತ್ತದೆ. ಆದರೆ ಎಲ್ಲೋ ಒಂದು ಮೂಲೆಯಲ್ಲಿ ಬೂದು ಬಣ್ಣದ ಒಂದು ಗೆರೆ, ಡ್ರಮ್ ವಾಲಿದರೂ ತಾನು ವಾಲದೆ ನೆಲಕ್ಕೆ ಸಮವಾಗಿ ನಿಂತು, ಎರಡು ಸಲ ತೊನೆದು ಸುಮ್ಮನಾಗುತ್ತದೆ. ಅದು ದ್ರವ. ಬಾಟಲಿಯೊಳಗೋ, ಚೀಲದ ಮಡಿಕೆಯಲ್ಲೋ, ಡ್ರಮ್ಮಿನ ತಳದಲ್ಲೋ ಎಂದು ಆಮೇಲೆ ಹುಡುಕಬೇಕು. ಸ್ಪ್ರೇ ಕ್ಯಾನು ಸಿಕ್ಕರೆ ಅದರ ತಳದ ಗುಳಿಯಿಂದಲೇ ಗುರುತು ಸಿಗುತ್ತದೆ. ತೂತು ಬಿದ್ದಿದೆಯೋ ಇಲ್ಲವೋ ಅನ್ನುವುದೇ ಪ್ರಶ್ನೆ.

ಆಮೇಲೆ ಅಳತೆ. ಡ್ರಮ್ಮನ್ನು ಪದರ ಪದರವಾಗಿ ಗಾಮಾ ಸ್ಕ್ಯಾನ್ ಮಾಡಿದರೆ ಸೀಸಿಯಂ, ಕೋಬಾಲ್ಟ್ ಎಲ್ಲಿ ಎಷ್ಟಿದೆ ಅಂತ ತಿಳಿಯುತ್ತದೆ. ಪ್ಲುಟೋನಿಯಂ ಇದೆಯೆಂಬ ಅನುಮಾನವಿದ್ದರೆ ನ್ಯೂಟ್ರಾನ್ ಎಣಿಕೆ, ಯಾಕೆಂದರೆ ಪ್ಲುಟೋನಿಯಂ-240 ತಾನಾಗಿಯೇ ಒಡೆಯುತ್ತಾ ನ್ಯೂಟ್ರಾನ್ ಬಿಡುತ್ತಿರುತ್ತದೆ. ಮುಚ್ಚಳದ ಕೆಳಗಿನ ಗಾಳಿಯ ಮಾದರಿಯನ್ನೂ ತೆಗೆಯುತ್ತಿದ್ದೆವು. ನೀರು, ಪ್ಲಾಸ್ಟಿಕ್ಕು, ಬಟ್ಟೆ ಯಾವುದೇ ಇರಲಿ, ವಿಕಿರಣಕ್ಕೆ ಸಿಕ್ಕರೆ ಒಡೆದು ಜಲಜನಕ ಕೊಡುತ್ತವೆ. ಗಾಳಿಯಲ್ಲಿ ಜಲಜನಕ ನೂರಕ್ಕೆ 4 ಪಾಲು ದಾಟಿದರೆ ಒಂದು ಕಿಡಿ ಸಾಕು. ಗಾಳಿ ಆಡುವ ರಂಧ್ರವಿಲ್ಲದ ಹಳೇ ಡ್ರಮ್ ಬಂದರೆ ಮನುಷ್ಯರನ್ನೆಲ್ಲ ಆಚೆ ಕಳಿಸಿ, ದೂರದಿಂದಲೇ, ಕಿಡಿ ಹಾರದ ಡ್ರಿಲ್ಲಿನಿಂದ ಮುಚ್ಚಳಕ್ಕೆ ತೂತು ಹಾಕಿ ಉಸಿರಾಡಿಸಿದ ಮೇಲೆಯೇ ಮುಂದಿನ ಮಾತು.

ಬಿಚ್ಚುವುದು ಹಾಟ್ ಸೆಲ್‌ನಲ್ಲಿ. ಮೀಟರು ದಪ್ಪದ ಗೋಡೆ, ಸೀಸ ಬೆರೆಸಿದ ಹಳದಿ ಛಾಯೆಯ ಗಾಜಿನ ಕಿಟಕಿ, ಅದರ ಆಚೆ ಮ್ಯಾನಿಪ್ಯುಲೇಟರ್, ಅಂದರೆ ಈಚೆ ನಿಂತು ಆಡಿಸುವ ಯಂತ್ರದ ಕೈಗಳು. ಒಳಗಿನ ಗಾಳಿಯ ಒತ್ತಡ ಯಾವಾಗಲೂ ಹೊರಗಿಗಿಂತ ಕಡಿಮೆ, ಸೋರಿದರೂ ಒಳಗೇ ಸೋರಲಿ ಅಂತ. ಮ್ಯಾನಿಪ್ಯುಲೇಟರಿನಲ್ಲಿ ಬೆರಳಿಗೆ ಸ್ಪರ್ಶವೇ ಬರುವುದಿಲ್ಲ. ಚೀಲ ಮೆತ್ತಗಿದೆಯೋ ಗಟ್ಟಿಯಾಗಿದೆಯೋ ಕಣ್ಣಿನಿಂದಲೇ ಊಹಿಸಬೇಕು. ಹೊಸಬರು ಜೋರಾಗಿ ಹಿಡಿದು ಚೀಲ ಹರಿಯುತ್ತಾರೆ. ಪಳಗಿದವರು ಅಂಚನ್ನು ಮಾತ್ರ ಹಿಡಿದು, ಅದು ತೂಗಿದ ಬಗೆಯಲ್ಲೇ ತೂಕ ಅಂದಾಜು ಮಾಡುತ್ತಾರೆ. ಅಂತರರಾಷ್ಟ್ರೀಯ ಶಿಫಾರಸಿನ ಪ್ರಕಾರ ಡೋಸ್ (ಮೈಗೆ ಬೀಳುವ ವಿಕಿರಣದ ಅಳತೆ) ಮಿತಿ ವರ್ಷಕ್ಕೆ ಸರಾಸರಿ 20 ಮಿಲಿಸೀವರ್ಟ್, ಯಾವ ಒಂದು ವರ್ಷದಲ್ಲೂ 50 ಮೀರಬಾರದು. ಸೆಲ್ ಕೆಲಸದಲ್ಲಿ ನಮಗೆ ಬಿದ್ದದ್ದು ಇದರ ಹತ್ತಿರಕ್ಕೂ ಬರಲಿಲ್ಲ. ಡೋಸ್ ಬೀಳುತ್ತಿದ್ದದ್ದು ರಿಪೇರಿಯಲ್ಲಿ, ಮ್ಯಾನಿಪ್ಯುಲೇಟರಿನ ತೋಳಿನ ಕವಚ ಹರಿದಾಗ, ಫಿಲ್ಟರ್ ಬದಲಿಸುವಾಗ. ಲೆಕ್ಕ ಹಾಕುವವರು ಇದನ್ನು ಯೋಜನೆಯಲ್ಲಿ ಯಾವಾಗಲೂ ಕಡಿಮೆ ಹಿಡಿಯುತ್ತಾರೆ ಅನ್ನುವುದು ನನ್ನ ದೂರು.

ಮೇಜಿನ ಮೇಲೆ ಸುರಿದು ವಿಂಗಡಿಸುವಾಗಲೇ ರಸಾಯನಶಾಸ್ತ್ರದ ಆಟ ಶುರು. ನಮ್ಮ ತರಬೇತಿಯಲ್ಲಿ ಎರಡು ಘಟನೆಗಳನ್ನು ಪದೇ ಪದೇ ಹೇಳಿಸುತ್ತಿದ್ದರು. ಒಂದು, ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ಉಪ್ಪಿನ ಪದರದೊಳಗೆ ಇರುವ ವಿಪ್ ಎಂಬ ವಿಕಿರಣ ತ್ಯಾಜ್ಯ ಭಂಡಾರದ್ದು. ಅಲ್ಲಿನ ಪರಮಾಣು ಅಸ್ತ್ರ ಪ್ರಯೋಗಾಲಯವಾದ ಲಾಸ್ ಅಲಮೋಸ್‌ನಲ್ಲಿ ನೈಟ್ರೇಟ್ ಲವಣದ ತ್ಯಾಜ್ಯವನ್ನು ಮರುಪ್ಯಾಕ್ ಮಾಡುವಾಗ, ತೇವ ಹೀರಲಿ ಅಂತ ಖನಿಜದ ಪುಡಿ ಹಾಕುವ ಬದಲು ಗೋಧಿಯಿಂದ ಮಾಡಿದ, ಬೆಕ್ಕಿನ ಮಲಕ್ಕೆ ಹಾಸುವ ಪುಡಿ ಹಾಕಿದ್ದರು. ನೈಟ್ರೇಟ್ ಅಂದರೆ ಆಮ್ಲಜನಕ ಕೊಡುವವನು, ಗೋಧಿಪುಡಿ ಅಂದರೆ ಸೌದೆ. 2014ರ ಫೆಬ್ರವರಿ 14ರಂದು ಒಂದು ಡ್ರಮ್ ನೆಲದಡಿಯಲ್ಲೇ ಬಿಸಿಯಾಗಿ ಬಿರಿಯಿತು. ಭಂಡಾರದೊಳಗೆ ಮತ್ತೆ ತ್ಯಾಜ್ಯ ಇಳಿಸಲು 2017ರ ಜನವರಿ ಬರಬೇಕಾಯಿತು. ಇನ್ನೊಂದು, 2018ರ ಏಪ್ರಿಲ್ 11ರಂದು ಅಮೆರಿಕದ್ದೇ ಆದ ಐಡಹೋದಲ್ಲಿ. ಹಳೇ ಕೆಸರನ್ನು ಹೊಸ ಡ್ರಮ್ಮಿಗೆ ತುಂಬಿಟ್ಟ ಗಂಟೆಗಳಲ್ಲೇ ನಾಲ್ಕು ಡ್ರಮ್ಮುಗಳ ಮುಚ್ಚಳ ಹಾರಿತು. ಯುರೇನಿಯಂ ಲೋಹ ಗಾಳಿಗೆ ಉರಿದು ಶಾಖ ಕೊಟ್ಟಿತ್ತು, ಬೆರಿಲಿಯಂ ಕಾರ್ಬೈಡ್ ಮೀಥೇನ್ ಬಿಟ್ಟಿತ್ತು. ಆ ಡ್ರಮ್ಮುಗಳು ದಶಕಗಟ್ಟಲೆ ಸುಮ್ಮನಿದ್ದವು ಅನ್ನುವುದನ್ನು ಗಮನಿಸಿ. ಅವನ್ನು ಕೆದಕಿ ಗಾಳಿ ಆಡಿಸಿದ್ದು ಮರುಪ್ಯಾಕಿಂಗೇ. ಅದಾದ ಮೇಲೆ ಲೋಹದ ಚೂರು, ಕಡುಕಪ್ಪು ಪುಡಿ ಕಂಡರೆ ನಮ್ಮಲ್ಲಿ ಕೈ ತಡೆಯುತ್ತಿತ್ತು. ತುಂಬಿದ ಮೇಲೆ ತಾಪಮಾನ ನೋಡುತ್ತಾ ಒಂದಷ್ಟು ಹೊತ್ತು ಬಿಡದೆ ಯಾವ ಡ್ರಮ್ಮಿನ ಮುಚ್ಚಳವನ್ನೂ ಬಿಗಿಯುತ್ತಿರಲಿಲ್ಲ.

ವಿಂಗಡಿಸಿದ್ದನ್ನು ಗಟ್ಟಿ ಮಾಡುವುದು ಸಿಮೆಂಟಿನಲ್ಲಿ. ಬಿಟುಮೆನ್ ಅಂದರೆ ಡಾಂಬರಿನಲ್ಲಿ ಹುದುಗಿಸುವವರೂ ಇದ್ದರು. ಜಪಾನಿನ ತೊಕಾಯಿಯಲ್ಲಿ 1997ರ ಮಾರ್ಚಿನಲ್ಲಿ ಅಂಥ ಘಟಕಕ್ಕೆ ಬೆಂಕಿ ಬಿದ್ದು ಆಮೇಲೆ ಸ್ಫೋಟವೂ ಆಯಿತು. ಉರಿಯುವ ವಸ್ತುವಿನಲ್ಲಿ ನೈಟ್ರೇಟ್ ಬೆರೆಸುವ ವಿಚಾರ ನನಗೆ ಎಂದೂ ಒಗ್ಗಲಿಲ್ಲ. ಸಿಮೆಂಟು ಉರಿಯುವುದಿಲ್ಲ, ಅಗ್ಗ, ಮೇಲಾಗಿ ಅದರ ಕ್ಷಾರ ಗುಣ ಪ್ಲುಟೋನಿಯಂನಂಥವನ್ನು ಕರಗಲು ಬಿಡುವುದಿಲ್ಲ. ಆದರೆ ಕಟ್ಟಡದ ಸಿಮೆಂಟನ್ನು ಹಾಗೇ ಸುರಿದರೆ ಡ್ರಮ್ಮಿನ ನಡುಭಾಗ ವಿಪರೀತ ಕಾಯುತ್ತದೆ, ಬಿರುಕು ಬಿಡುತ್ತದೆ. ಅದಕ್ಕೇ ಊದುಕುಲುಮೆಯ ಸ್ಲ್ಯಾಗ್ (ಕಬ್ಬಿಣ ತೆಗೆದ ಮೇಲೆ ಉಳಿಯುವ ಕಿಟ್ಟ) ಪುಡಿ ಮೂರು ಪಾಲಿಗೆ ಸಿಮೆಂಟ್ ಒಂದು ಪಾಲು, ಕೆಲವಕ್ಕೆ ಒಂಬತ್ತಕ್ಕೆ ಒಂದು. ಸ್ಲ್ಯಾಗ್ ನಿಧಾನವಾಗಿ ಗಟ್ಟಿಯಾಗುತ್ತದೆ, ಶಾಖವನ್ನೂ ನಿಧಾನವಾಗಿ ಬಿಡುತ್ತದೆ.

ಕೆಸರಿಗೆ ನಾವು ಬಳಸಿದ್ದು ಡ್ರಮ್ಮಿನೊಳಗೇ ಕಲಸುವ ವಿಧಾನ. ಡ್ರಮ್ಮಿನಲ್ಲಿ ಮೊದಲೇ ಒಂದು ಕಲಸುವ ರೆಕ್ಕೆ ಇರುತ್ತದೆ. ಮೋಟರು ಅದನ್ನು ಹಿಡಿದು ತಿರುಗಿಸುತ್ತದೆ, ಕೊನೆಗೆ ರೆಕ್ಕೆಯನ್ನು ಒಳಗೇ ಬಿಟ್ಟು ಬರುತ್ತದೆ. ತೊಳೆಯುವ ರಗಳೆ ಇಲ್ಲ. ಪುಡಿ ಬೀಳುತ್ತಾ ಹೋದಂತೆ ಪರದೆಯ ಮೇಲೆ ಮೋಟರಿನ ತಿರುಚುಬಲದ ಗೆರೆ ಮೆಲ್ಲಗೆ ಏರುತ್ತದೆ. ಆ ಏರಿಕೆಯ ಓಟದಲ್ಲೇ ಹದ ಗೊತ್ತಾಗುತ್ತದೆ. ಒಮ್ಮೆಗೇ ಚಿಮ್ಮಿದರೆ ಗಂಟು ಕಟ್ಟುತ್ತಿದೆ. ಏರಬೇಕಾದಲ್ಲಿ ಏರದಿದ್ದರೆ ಕೆಸರಿನಲ್ಲಿ ನೀರು ಕಾಗದದಲ್ಲಿ ಬರೆದದ್ದಕ್ಕಿಂತ ಹೆಚ್ಚಿದೆ. ಮರುದಿನ ಕ್ಯಾಮೆರಾ ಇಳಿಸಿ ಮೇಲ್ಮೈ ನೋಡಬೇಕು. ಮೇಲೆ ನೀರು ನಿಂತಿದ್ದರೆ ಅದು ಹೀರಿಹೋಗುವವರೆಗೆ ಕಾಯಬೇಕು, ಆಮೇಲೆ ತ್ಯಾಜ್ಯವಿಲ್ಲದ ಸಿಮೆಂಟಿನ ಪದರ ಮೇಲೆ ಹಾಕಿ ಮುಚ್ಚಬೇಕು.

ಪಾಕ ಎಲ್ಲದಕ್ಕೂ ಒಂದೇ ಅಲ್ಲ. ಬೋರಿಕ್ ಆಮ್ಲವಿದ್ದ ತ್ಯಾಜ್ಯದಲ್ಲಿ ಸಿಮೆಂಟ್ ಗಟ್ಟಿಯಾಗುವುದೇ ಇಲ್ಲ, ಮೊದಲು ಸುಣ್ಣ ಬೆರೆಸಬೇಕು. ರೆಸಿನ್ ಮಣಿಗಳು ನೀರು ಕುಡಿದು ಉಬ್ಬುತ್ತವೆ. ಹೆಚ್ಚು ತುಂಬಿದರೆ ಗಟ್ಟಿಯಾದ ಗಡ್ಡೆಯನ್ನೇ ಒಳಗಿನಿಂದ ಒಡೆಯುತ್ತವೆ. ಅಲ್ಯುಮಿನಿಯಂ ತುಂಡು ಕ್ಷಾರದಲ್ಲಿ ಕರಗುತ್ತಾ ಜಲಜನಕ ಉಗುಳುತ್ತದೆ, ಮೆಗ್ನೀಷಿಯಂ ಕವಚ ನೀರು ಸಿಕ್ಕರೆ ಸಾಕು. ಎಲ್ಲಕ್ಕಿಂತ ನನ್ನನ್ನು ಅಚ್ಚರಿಗೊಳಿಸಿದ್ದು ಬಟ್ಟೆ, ಕಾಗದ, ಮರ. ನೋಡಲು ಪಾಪದ್ದು. ಆದರೆ ಸೆಲ್ಯುಲೋಸ್ ಸಿಮೆಂಟಿನ ಕ್ಷಾರದಲ್ಲಿ ಕಾಲಕ್ರಮೇಣ ಕೊಳೆತು ಐಸೊಸ್ಯಾಕರಿನಿಕ್ ಆಮ್ಲವಾಗುತ್ತದೆ, ಅದು ಪ್ಲುಟೋನಿಯಂ ಅನ್ನು ಕೈಹಿಡಿದು ನೀರಿಗೆ ಕರೆದೊಯ್ಯುತ್ತದೆ. ಸಿಮೆಂಟು ಕರಗಲು ಬಿಡದಿದ್ದದ್ದನ್ನು ಒರೆಸುವ ಬಟ್ಟೆ ಕರಗಿಸಿಬಿಡುತ್ತದೆ! ಹಾಗಾಗಿ ಪ್ಲುಟೋನಿಯಂ ಡ್ರಮ್ಮಿಗೆ ಎಷ್ಟು ಬಟ್ಟೆ ಹೋಯಿತು ಅನ್ನುವುದನ್ನು ತೂಕ ಮಾಡಿ ಬರೆಯುತ್ತಿದ್ದೆವು. ಹೊಸ ಪಾಕ ಯಾವುದೇ ಇರಲಿ, ಮೊದಲು ವಿಕಿರಣವಿಲ್ಲದ ನಕಲಿ ತ್ಯಾಜ್ಯದ ಮೇಲೆ ಮಾಡಿ, ಗಟ್ಟಿಯಾದ ಡ್ರಮ್ಮನ್ನು ನಡುವೆ ಸೀಳಿ ನೋಡುವುದು. ಮೇಲಿನವರಿಗೆ ಇದು ಹಣದ ದಂಡ ಅನ್ನಿಸುತ್ತಿತ್ತು. ನನ್ನ ಮಟ್ಟಿಗೆ ಇಡೀ ಘಟಕದಲ್ಲಿ ಅದಕ್ಕಿಂತ ಉಪಯುಕ್ತ ಖರ್ಚು ಇರಲಿಲ್ಲ.

ಮುಚ್ಚಿದ ಮೇಲಿನದು ಶಿಸ್ತಿನ ಕೆಲಸ, ಹೇಳಲು ಹೆಚ್ಚಿಲ್ಲ. ಮುಚ್ಚಳದಲ್ಲಿ ಜಲಜನಕ ಹೊರಬಿಟ್ಟು ಧೂಳು ತಡೆಯುವ ಫಿಲ್ಟರ್ ರಂಧ್ರ. ಹೊರಮೈಯನ್ನು ಬಟ್ಟೆಯಿಂದ ಉಜ್ಜಿ ಎಣಿಕೆ: ಸಾಗಿಸಬೇಕಾದರೆ ಚದರ ಸೆಂಟಿಮೀಟರಿಗೆ ಬೀಟಾ-ಗಾಮಾ 4 ಬೆಕ್ವೆರೆಲ್ (ಸೆಕೆಂಡಿಗೆ ಎಷ್ಟು ಪರಮಾಣು ಕ್ಷಯಿಸುತ್ತವೆ ಅನ್ನುವ ಲೆಕ್ಕ), ಆಲ್ಫಾ 0.4 ದಾಟುವಂತಿಲ್ಲ. ದಾಸ್ತಾನು ಕೊಠಡಿಯಲ್ಲಿ ವಿಕಿರಣಕ್ಕಿಂತ ಹೆಚ್ಚು ಕಾಯುವುದು ಗಾಳಿಯನ್ನು. ಸ್ಟೇನ್‌ಲೆಸ್ ಉಕ್ಕಿಗೆ ತುಕ್ಕಿಲ್ಲ ಅನ್ನುತ್ತೇವೆ, ಆದರೆ ಉಪ್ಪಿನ ಧೂಳು ಕೂತು ತೇವ ಹೀರಿದರೆ ಕೂದಲೆಳೆಯ ಬಿರುಕು ಬಿಡುತ್ತದೆ. ಅದಕ್ಕೆ ಒಳಬರುವ ಗಾಳಿಯನ್ನು ಸೋಸಿ, ತೇವಾಂಶವನ್ನು ಹತೋಟಿಯಲ್ಲಿಟ್ಟು, ಕೆಲವು ಡ್ರಮ್ಮುಗಳನ್ನು ಆಗಾಗ ಹೊರತೆಗೆದು ಪರೀಕ್ಷಿಸಬೇಕು.

ಎಲ್ಲ ಡ್ರಮ್ಮನ್ನೂ ಬಿಚ್ಚಲೇಬೇಕು ಅನ್ನುವ ಪಂಗಡ ನನ್ನದಲ್ಲ. ಕೋಬಾಲ್ಟ್-60 ಮಾತ್ರ ತುಂಬಿದ ಡ್ರಮ್ಮಿದ್ದರೆ ಅರ್ಧಾಯು ಐದು ವರ್ಷ ಚಿಲ್ಲರೆ. ಇಟ್ಟು ಕಾದರೆ ಅದೇ ಇಳಿಯುತ್ತದೆ, ಇವತ್ತೇ ಬಿಚ್ಚಿ ಡೋಸ್ ತಿನ್ನುವುದು ಯಾಕೆ? ಒಳಗಿರುವುದು ಖಚಿತವಾಗಿ ಗೊತ್ತಿದ್ದು, ತಗಡು ಮಾತ್ರ ಹೋಗಿದ್ದರೆ ದೊಡ್ಡ ಡ್ರಮ್ಮಿನೊಳಗೆ ಇಡಿಯಾಗಿ ಇಳಿಸಿ ಸುತ್ತಲೂ ಗ್ರೌಟ್ (ತೆಳು ಸಿಮೆಂಟ್ ಗಾರೆ) ತುಂಬಿದರೆ ಆಯಿತು. ಬಿಚ್ಚಲೇಬೇಕಾದ್ದು ದ್ರವ ತೊನೆದದ್ದು, ಜಲಜನಕ ತೋರಿಸಿದ್ದು, ಕಾಗದಕ್ಕೂ ಎಕ್ಸ್‌ರೇಗೂ ತಾಳೆಯಾಗದ್ದು. ಪ್ರತಿ ಸಲ ಬಿಚ್ಚಿದಾಗಲೂ ಹರಿದ ಕವಚ, ಬಳಸಿದ ಫಿಲ್ಟರು, ಹಳೇ ಡ್ರಮ್ಮಿನ ತಗಡು ಅಂತ ಹೊಸ ತ್ಯಾಜ್ಯ ಹುಟ್ಟುತ್ತದೆ. ಅದೂ ವಿಂಗಡಣೆಯ ಮೇಜಿಗೇ ವಾಪಸು ಬರುತ್ತದೆ, ಅದಕ್ಕೂ ಒಂದು ಸಂಖ್ಯೆ, ಒಂದು ಎಕ್ಸ್‌ರೇ, ಒಂದು ಕಾಗದ ಬೇಕು. ಆ ಕಾಗದದಲ್ಲಿ "ಮಿಶ್ರ ತ್ಯಾಜ್ಯ" ಎಂದು ಬರೆಯಲು ನಾನು ಯಾರಿಗೂ ಬಿಡುತ್ತಿರಲಿಲ್ಲ.